ಟ್ರ್ಯಾಕ್ಟರ್ ದಾಟಿತು, ಜೀಪು ಯಾಕೆ ನಿಂತಿತು?

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ‘ಹಳ್ಳ ಬಂದೈತಿ’ ಎಂಬ ಸುದ್ದಿ ಹಬ್ಬಿದರೆ ಅವತ್ತಿನ ಸಂತೆ, ಸಾಲಿ, ದವಾಖಾನೆಯ ಓಡಾಟವೆಲ್ಲ ಅಲ್ಲಿಗೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಚಪ್ಪಲಿ ತೋಯಿಸದೆ ದಾಟಬಹುದಾದ ಬೆಣ್ಣಿಹಳ್ಳ, ಮೇಲಿನ ಸೀಮೆಯಲ್ಲಿ ಜೋರು ಮಳೆ ಬಿದ್ದ ಕೆಲವೇ ತಾಸುಗಳಲ್ಲಿ ದಂಡೆ ಮೀರುತ್ತದೆ. ಅದಕ್ಕೆ ಕಾರಣ ಕಾಲಡಿಯ ಎರೆ ಮಣ್ಣು. ಒಣಗಿದಾಗ ಬಾಯಿಬಿಟ್ಟು ನಿಲ್ಲುವ ಈ ಮಣ್ಣು ಒಮ್ಮೆ ಹಸಿಯಾಗಿ ಉಬ್ಬಿತೆಂದರೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಬಿದ್ದ ಮಳೆ ಒಳಗೆ ಇಂಗುವುದು ಬಹಳ ನಿಧಾನ, ಹೆಚ್ಚಿನದು ನೇರ ಹಳ್ಳಕ್ಕೆ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಎರಡೂ ಉಕ್ಕಿ ಧಾರವಾಡ ಜಿಲ್ಲೆಯ ಪೂರ್ವ ಭಾಗದ ಹೊಲ, ರಸ್ತೆಗಳನ್ನು ಮುಳುಗಿಸಿದ್ದು ಇನ್ನೂ ನೆನಪಿನಲ್ಲಿದೆ.

ಇಂಥ ಹಳ್ಳದ ದಂಡೆಯಲ್ಲಿ ನಿಂತವರು ಒಂದು ಸಂಗತಿ ಗಮನಿಸಿರುತ್ತಾರೆ. ಟ್ರ್ಯಾಕ್ಟರು ಗುಡುಗುಡು ಎನ್ನುತ್ತ ನೀರಿಗಿಳಿದು ಆಚೆ ದಂಡೆ ಹತ್ತುತ್ತದೆ. ಅದರ ಹಿಂದೆಯೇ, ಅಷ್ಟೇ ನೀರಿಗೆ ಇಳಿದ ಜೀಪು ನಡುವೆ ‘ಟಕ್’ ಎಂದು ನಿಲ್ಲುತ್ತದೆ. ನಿಂತದ್ದು ಮತ್ತೆ ಚಾಲೂ ಆಗುವುದಿಲ್ಲ. ಎಳೆದು ತಂದ ಮೇಲೆ ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ ಹೇಳುವ ಮಾತು ಒಂದೇ: ‘ಎಂಜಿನ್ ನೀರ ಕುಡದೈತ್ರಿ.’

ಇದರಲ್ಲಿ ಇನ್ನೊಂದು ಒಗಟೂ ಇದೆ. ಜೀಪಿನ ಸೈಲೆನ್ಸರ್ ಪೂರ್ತಿ ಮುಳುಗಿ ನೀರಿನಲ್ಲಿ ಬುಳುಬುಳು ಗುಳ್ಳೆ ಎಬ್ಬಿಸುತ್ತಿದ್ದಾಗಲೂ ಎಂಜಿನ್ ಓಡುತ್ತಲೇ ಇತ್ತು. ಬಕೆಟ್‌ಗಟ್ಟಲೆ ನೀರಿನ ನಡುವೆ ಸೈಲೆನ್ಸರಿಗೆ ಆಗದ ತೊಂದರೆ ಎಂಜಿನ್ನಿಗೆ ಬೇರೆಲ್ಲಿಂದ ಬಂತು? ಅಂಗಡಿಗಳಲ್ಲಿ ಸಿಗುವ, ಬಾನೆಟ್ ಪಕ್ಕದಿಂದ ಹೊರಟು ಮುಂದಿನ ಗಾಜಿನ ಬದಿಯಲ್ಲಿ ಚಾವಣಿಯವರೆಗೆ ಏರುವ ಕರಿ ಪೈಪು, ಅಂದರೆ ಸ್ನಾರ್ಕೆಲ್, ಇದಕ್ಕೆ ಪರಿಹಾರ ಎನ್ನುತ್ತಾರೆ. ಕೆಲವರು ಅದನ್ನು ಮನೆಯಂಗಳದಲ್ಲೇ ಕೂರಿಸಿಕೊಳ್ಳುತ್ತಾರೆ. ಅದು ನಿಜಕ್ಕೂ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದೇ ಈ ಅಧ್ಯಾಯದ ವಿಷಯ.

ಎಂಜಿನ್ನಿನ ಮುಖ್ಯ ಆಹಾರ

ಗಾಡಿ ಡೀಸೆಲ್ ತಿನ್ನುತ್ತದೆ ಎಂದು ನಾವು ಲೆಕ್ಕ ಹಾಕುತ್ತೇವೆ, ಏಕೆಂದರೆ ದುಡ್ಡು ಕೊಡುವುದು ಅದಕ್ಕೆ. ಆದರೆ ಎಂಜಿನ್ ಹೆಚ್ಚು ತಿನ್ನುವುದು ಗಾಳಿಯನ್ನು. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಹದಿನಾಲ್ಕು ಕಿಲೋಗೂ ಮಿಕ್ಕಿ ಗಾಳಿ ಬೇಕು.

ಎರಡು ಲೀಟರ್ ಸಾಮರ್ಥ್ಯದ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ತೆಗೆದುಕೊಳ್ಳೋಣ. ಪ್ರತಿ ಸಿಲಿಂಡರಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಅರ್ಧ ಲೀಟರ್ ಗಾಳಿ ಒಳಗೆ ಬರುತ್ತದೆ. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರೂ ಹೀಗೆ ಉಸಿರೆಳೆಯುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಒಂದು ನಿಮಿಷಕ್ಕೆ ಸುಮಾರು 2000 ಲೀಟರ್ ಗಾಳಿ ಬೇಕು. ಸುಮ್ಮನೆ ಕುಳಿತ ಮನುಷ್ಯ ಒಂದು ನಿಮಿಷದಲ್ಲಿ ಎಳೆಯುವ ಗಾಳಿ ಆರರಿಂದ ಎಂಟು ಲೀಟರ್. ಟರ್ಬೋ ಇದ್ದ ಎಂಜಿನ್ನಿಗೆ ಇನ್ನೂ ಹೆಚ್ಚು ಬೇಕು.

ಇಷ್ಟು ಗಾಳಿ ಒಳಗೆ ಬರುವುದು ಒಂದೇ ಬಾಯಿಯಿಂದ. ಅಲ್ಲಿಂದ ಫಿಲ್ಟರ್ ಡಬ್ಬಿಗೆ, ಅಲ್ಲಿಂದ ಪೈಪಿನ ಮೂಲಕ ಸಿಲಿಂಡರಿಗೆ. ಆ ಬಾಯಿ ನೀರಿನ ಮಟ್ಟಕ್ಕೆ ಬಂದ ಕ್ಷಣ, ಗಾಳಿಯನ್ನು ಎಳೆಯುತ್ತಿದ್ದ ರಭಸವೇ ನೀರನ್ನು ಎಳೆಯತೊಡಗುತ್ತದೆ. ಕಾಗದದ ಏರ್ ಫಿಲ್ಟರ್ ದೂಳನ್ನು ತಡೆಯುತ್ತದೆ, ನೀರನ್ನಲ್ಲ. ಅದು ಒದ್ದೆಯಾಗಿ ಕುಸಿದು ದಾರಿ ಬಿಡುತ್ತದೆ.

ಎರಡು ಚಮಚ ನೀರಿನ ಲೆಕ್ಕ

ಮನೆಯಲ್ಲಿ ಹಳೆಯ ಸಿರಿಂಜ್ ಇದ್ದರೆ ಸೂಜಿ ತೆಗೆದು ಒಂದು ಪ್ರಯೋಗ ಮಾಡಿ. ಸಿರಿಂಜಿನಲ್ಲಿ ಗಾಳಿ ತುಂಬಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಹಿಡಿಕೆ ತಳ್ಳಿ. ಗಾಳಿ ಅರ್ಧಕ್ಕೂ ಕುಗ್ಗುತ್ತದೆ, ಬಿಟ್ಟರೆ ಹಿಡಿಕೆ ತಾನೇ ಹಿಂದೆ ಬರುತ್ತದೆ. ಈಗ ಗಾಳಿಯೇ ಉಳಿಯದಂತೆ ನೀರು ತುಂಬಿ ಅದನ್ನೇ ಮಾಡಿ. ಹಿಡಿಕೆ ಒಂದು ಕೂದಲೆಳೆಯಷ್ಟೂ ಜರುಗುವುದಿಲ್ಲ. ವಾತಾವರಣದ ಒತ್ತಡಕ್ಕಿಂತ ಸಾವಿರ ಪಟ್ಟು ಒತ್ತಡ ಹಾಕಿದರೂ ನೀರು ಕುಗ್ಗುವುದು ನೂರಕ್ಕೆ ನಾಲ್ಕೈದು ಪಾಲು ಮಾತ್ರ.

ಡೀಸೆಲ್ ಎಂಜಿನ್ ಬದುಕಿರುವುದೇ ಗಾಳಿಯನ್ನು ಕುಗ್ಗಿಸುವುದರ ಮೇಲೆ. ಅರ್ಧ ಲೀಟರ್ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರನೇ ಒಂದು ಪಾಲಿಗೆ ಒತ್ತುತ್ತದೆ. ಗಾಳಿ ಕಾದು ಕೆಂಡವಾದಾಗ ಡೀಸೆಲ್ ಚಿಮ್ಮಿ ಉರಿಯುತ್ತದೆ. ಅಂದರೆ ಪಿಸ್ಟನ್ ಮೇಲಿನ ತುದಿ ಮುಟ್ಟಿದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್. ಅಡುಗೆಮನೆಯ ಎರಡು ದೊಡ್ಡ ಚಮಚದಷ್ಟು.

ಸಿಲಿಂಡರಿಗೆ ಅದಕ್ಕಿಂತ ಹೆಚ್ಚು ನೀರು ಬಂದರೆ ಪಿಸ್ಟನ್‌ಗೆ ಮೇಲೆ ಹೋಗಲು ಜಾಗವೇ ಇಲ್ಲ. ಆದರೆ ಉಳಿದ ಮೂರು ಸಿಲಿಂಡರುಗಳು ತಳ್ಳುತ್ತಿವೆ, ಭಾರವಾದ ಫ್ಲೈವೀಲ್ ತಿರುಗುತ್ತಿದೆ, ಗಾಡಿಯ ತೂಕವೂ ಮುಂದಕ್ಕೆ ನೂಕುತ್ತಿದೆ. ನಿಮಿಷಕ್ಕೆ 2000 ಸುತ್ತಿನ ವೇಗದಲ್ಲಿ ಪಿಸ್ಟನ್ ಕೆಳಗಿನಿಂದ ಮೇಲೆ ಹೋಗಲು ತೆಗೆದುಕೊಳ್ಳುವುದು ಒಂದು ಸೆಕೆಂಡಿನ ನೂರು ಪಾಲಿನಲ್ಲಿ ಒಂದೂವರೆ ಪಾಲು ಸಮಯ. ಅಷ್ಟರಲ್ಲಿ ನೀರಿಗೆ ಹೊರಹೋಗುವ ದಾರಿ ಸಿಗುವುದಿಲ್ಲ. ನೀರು ಬಗ್ಗದು, ಎಂಜಿನ್ ನಿಲ್ಲದು. ನಡುವೆ ಸಿಕ್ಕ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕೆಲವೊಮ್ಮೆ ಮುರಿದು ಎಂಜಿನ್ ಬ್ಲಾಕನ್ನೇ ತೂತು ಮಾಡುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಹೈಡ್ರೋಲಾಕ್ ಎನ್ನುತ್ತಾರೆ. ನಾವು ‘ನೀರ್ಗಟ್ಟು’ ಎಂದು ಕರೆಯೋಣ.

ಪೆಟ್ರೋಲ್ ಎಂಜಿನ್ನಿಗೆ ಒಂದು ಸಣ್ಣ ಅದೃಷ್ಟವಿದೆ. ಅದು ಗಾಳಿಯನ್ನು ಕುಗ್ಗಿಸುವುದು ಹತ್ತನೇ ಒಂದು ಪಾಲಿನ ಆಸುಪಾಸಿಗೆ, ಹಾಗಾಗಿ ಮೇಲೆ ಉಳಿಯುವ ಜಾಗ ಹೆಚ್ಚು. ಜೊತೆಗೆ ನೀರು ಸೋಕಿದರೆ ಅದರ ಕಿಡಿ ಮೊದಲೇ ಕೈಕೊಟ್ಟು, ಎಷ್ಟೋ ಸಲ ರಾಡ್ ಬಗ್ಗುವ ಮುಂಚೆ ಎಂಜಿನ್ ಆರಿಬಿಡುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ನೀರಿನ ಗುಟುಕು ಬರುವವರೆಗೂ ಅದು ಹಟದಿಂದ ಓಡುತ್ತದೆ.

ಇದರಿಂದ ಒಂದು ಬುದ್ಧಿಮಾತು ತಾನಾಗಿ ಹೊರಡುತ್ತದೆ. ನೀರಿನಲ್ಲಿ ನಿಂತುಹೋದ ಗಾಡಿಯ ಸೆಲ್ಫ್ ಹೊಡೆಯಬೇಡಿ. ನಿಧಾನವಾಗಿ ನಿಂತಿದ್ದರೆ ರಾಡ್ ಇನ್ನೂ ನೆಟ್ಟಗಿರಬಹುದು, ನಿಮ್ಮ ಸೆಲ್ಫೇ ಅದನ್ನು ಬಗ್ಗಿಸಬಹುದು. ದಂಡೆಗೆ ಎಳೆದು, ಡೀಸೆಲ್ ಗಾಡಿಯಾದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್, ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿದ ಮೇಲಷ್ಟೇ ಮುಂದಿನ ಮಾತು.

ಸೈಲೆನ್ಸರ್ ಮುಳುಗಿದರೂ ಯಾಕೆ ಚಿಂತೆಯಿಲ್ಲ?

ಎರಡನೇ ಒಗಟು ಈಗ ಸುಲಭ. ಸೈಲೆನ್ಸರ್ ಹೊರಹಾಕುವ ದಾರಿ. ಅದರ ಬಾಯಿಯ ಮೇಲೆ ಅರ್ಧ ಮೀಟರ್ ನೀರು ನಿಂತರೆ ಉಂಟಾಗುವ ಒತ್ತಡ ವಾತಾವರಣದ ಒತ್ತಡದ ಇಪ್ಪತ್ತನೇ ಒಂದು ಪಾಲು ಮಾತ್ರ. ಓಡುವ ಎಂಜಿನ್ ಅಷ್ಟನ್ನು ಸಲೀಸಾಗಿ ನೂಕಿ ಹೊಗೆ ಹೊರಬಿಡುತ್ತದೆ. ಆ ಗುಳ್ಳೆಗಳು ಅದರದೇ ಗುರುತು. ಆದರೆ ಎಂಜಿನ್ ಆರಿದರೆ ನೂಕುವ ಬಲ ಇಲ್ಲ, ನೀರು ಒಳಗೇರುತ್ತದೆ. ನೀರಿನ ನಡುವೆ ಗೇರ್ ಬದಲಿಸಬೇಡಿ, ಆಕ್ಸಿಲರೇಟರ್ ಪೂರ್ತಿ ಬಿಡಬೇಡಿ ಎಂದು ಹಳೆ ಡ್ರೈವರುಗಳು ಹೇಳುವುದು ಇದಕ್ಕೇ.

ಟ್ರ್ಯಾಕ್ಟರಿನ ಮೂಗು ಎಲ್ಲಿದೆ?

ಈಗ ಟ್ರ್ಯಾಕ್ಟರನ್ನು ಸರಿಯಾಗಿ ನೋಡಿ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಬಾನೆಟ್ ಮೇಲೆ ಎರಡು ಕೊಳವೆ ನೆಟ್ಟಗೆ ನಿಂತಿರುತ್ತವೆ. ಒಂದು ಹೊಗೆ ಬಿಡುವ ಸೈಲೆನ್ಸರ್. ಇನ್ನೊಂದರ ತಲೆಯ ಮೇಲೆ ದುಂಡನೆಯ ಬಟ್ಟಲು, ಅದು ಗಾಳಿ ಎಳೆಯುವ ಬಾಯಿ. ಅದನ್ನು ಅಷ್ಟು ಎತ್ತರದಲ್ಲಿ ಇಟ್ಟದ್ದು ಹಳ್ಳ ದಾಟಲೆಂದಲ್ಲ, ದೂಳಿಗಾಗಿ. ಒಣ ಎರೆ ಹೊಲದಲ್ಲಿ ಕುಂಟೆ ಹೊಡೆಯುವಾಗ ಏಳುವ ದೂಳು ನೆಲದ ಹತ್ತಿರ ದಟ್ಟ, ಮೇಲೆ ಹೋದಂತೆ ತೆಳು. ಬಟ್ಟಲಿನೊಳಗೆ ಗಾಳಿ ಸುತ್ತಿ ತಿರುಗುವಾಗ ಭಾರದ ಕಣಗಳು ಅಂಚಿಗೆ ಸಿಡಿದು ಬೇರೆಯಾಗುತ್ತವೆ, ಉಳಿದದ್ದನ್ನು ಕೆಳಗಿನ ಫಿಲ್ಟರ್ ಹಿಡಿಯುತ್ತದೆ. ದೂಳಿಗೆಂದು ಎತ್ತರಕ್ಕೇರಿದ ಮೂಗು ಹಳ್ಳದಲ್ಲೂ ಟ್ರ್ಯಾಕ್ಟರನ್ನು ಉಳಿಸುತ್ತದೆ. ಅನೇಕ ಲಾರಿಗಳಲ್ಲೂ ಕ್ಯಾಬಿನ್ ಹಿಂದೆ ಇಂಥದೇ ಎತ್ತರದ ಗಾಳಿಕೊಳವೆ ಇರುವುದನ್ನು ಕಾಣಬಹುದು.

ಕಾರು, ಜೀಪುಗಳ ಮೂಗು ಸಾಮಾನ್ಯವಾಗಿ ಬಾನೆಟ್ ಒಳಗೆ, ಹೆಡ್‌ಲೈಟಿನ ಹಿಂದೆ ಅಥವಾ ಮಡ್‌ಗಾರ್ಡಿನ ಒಳಬದಿಯಲ್ಲಿ ಅಡಗಿರುತ್ತದೆ. ಡಾಂಬರು ರಸ್ತೆಗೆ ಅದು ಒಳ್ಳೆಯ ಜಾಗ. ಹೊರಗಿನ ತಂಪು ಗಾಳಿ ಸಿಗುತ್ತದೆ, ಸದ್ದು ಕಡಿಮೆ, ನೋಟಕ್ಕೂ ಚೆಂದ. ಆದರೆ ಹಳ್ಳಕ್ಕಿಳಿದಾಗ ನೀರು ಮೊದಲು ಬಡಿಯುವುದೂ ಅಲ್ಲಿಗೇ.

ಸ್ನಾರ್ಕೆಲ್ ಮಾಡುವುದು ಇಷ್ಟೇ: ಜೀಪಿನ ಮೂಗನ್ನು ಚಾವಣಿಯ ಎತ್ತರಕ್ಕೆ ಒಯ್ಯುತ್ತದೆ. ಈ ‘ಉಸಿರುಕೊಳವೆ’ಯ ಉಪಾಯವನ್ನು 1930ರ ದಶಕದ ಕೊನೆಯಲ್ಲಿ ಡಚ್ ನೌಕಾಪಡೆ ತನ್ನ ಜಲಾಂತರ್ಗಾಮಿಗಳಿಗೆ ಬಳಸಿತ್ತು. ನೀರಿನಡಿ ಇದ್ದುಕೊಂಡೇ ಡೀಸೆಲ್ ಎಂಜಿನ್ ಓಡಿಸಲು ಅದು ಬೇಕಿತ್ತು. 1940ರಲ್ಲಿ ಹಾಲೆಂಡನ್ನು ಗೆದ್ದ ಜರ್ಮನ್ನರ ಕೈಗೆ ಅದು ಸಿಕ್ಕಿತು, ಯುದ್ಧದ ಕೊನೆಯ ವರ್ಷಗಳಲ್ಲಿ ಅವರ ಯು-ಬೋಟುಗಳಿಗೆ ಏರಿತು. ಅಲೆ ಬಡಿದಾಗ ಕೊಳವೆಯ ತಲೆಯ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆಗ ಎಂಜಿನ್ ಒಳಗಿದ್ದ ನಾವಿಕರ ಗಾಳಿಯನ್ನೇ ಎಳೆದು ಅವರ ಕಿವಿ ನೋಯಿಸುತ್ತಿತ್ತು. ನಮ್ಮ ಸೇನೆಯ ಟಿ-72 ಟ್ಯಾಂಕು ಕೂಡ ಇಂಥ ಕೊಳವೆ ಏರಿಸಿಕೊಂಡು ಐದು ಮೀಟರ್ ಆಳದ ನದಿಯ ತಳದಲ್ಲಿ ಸಾಗಬಲ್ಲದು. ಆದರೆ ನೀರಿಗಿಳಿಯುವ ಮುಂಚೆ ಅದರ ಒಂದೊಂದು ಸಂದನ್ನೂ ಮುಚ್ಚಲೇಬೇಕು. ಕೊಳವೆಯೊಂದೇ ಸಾಲದು. ಮನೆಯಂಗಳದಲ್ಲಿ ಸ್ನಾರ್ಕೆಲ್ ಕೂರಿಸುವವರು ಮರೆಯುವುದು ಸಾಮಾನ್ಯವಾಗಿ ಇದನ್ನೇ.

ಅಂಗಳದಲ್ಲಿ ಕೆಲಸ ಶುರು

ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕಡೆ ಡ್ರಿಲ್ಲಿಂಗ್ ಮಷಿನ್, ಹೋಲ್ ಸಾ, ಸ್ಟೇನ್‌ಲೆಸ್ ಸ್ಕ್ರೂ, ಹೋಸ್ ಕ್ಲಿಪ್ ಯಾವುದಕ್ಕೂ ಬರವಿಲ್ಲ. ಕೆಲಸದ ಕ್ರಮ ಕಷ್ಟದ್ದಲ್ಲ, ಪ್ರತಿ ಹೆಜ್ಜೆಯ ಹಿಂದಿನ ಕಾರಣ ಗೊತ್ತಿರಬೇಕು ಅಷ್ಟೆ.

ಮೊದಲ ಪ್ರಶ್ನೆ ಪೈಪು ಯಾವುದು ಎಂಬುದು. ಖರ್ಚು ಉಳಿಸಲು ನಲ್ಲಿ ಕೆಲಸದ ಪಿವಿಸಿ ಪೈಪು ಹಾಕುವವರಿದ್ದಾರೆ. ಬಾನೆಟ್ ಒಳಗಿನ ಕಾವಿಗೆ ಪಿವಿಸಿ ಮೆತ್ತಗಾಗುತ್ತದೆ, ಬಿಸಿಲಿಗೆ ಪೆಡಸಾಗುತ್ತದೆ, ಗಾಡಿಯ ಅದುರಿಗೆ ಮೊಣಕೈ ಜೋಡಣೆಗಳಲ್ಲಿ ಸೀಳುತ್ತದೆ. ಆಯಾ ಮಾಡೆಲ್ಲಿಗೆಂದೇ ಅಚ್ಚು ಹಾಕಿದ, ಬಿಸಿಲು ತಾಳುವ ಪಾಲಿಥೀನ್ ಕೊಳವೆಗಳು ಬರುವುದು ಇದಕ್ಕಾಗಿಯೇ. ಇನ್ನೊಂದು ಲೆಕ್ಕ ಅಗಲದ್ದು. ಕಂಪನಿಯ ಗಾಳಿದಾರಿಗಿಂತ ಕೊಳವೆ ಸಣ್ಣದಾಗಕೂಡದು. ಅಡ್ಡಳತೆ ಮುಕ್ಕಾಲಿಗೆ ಇಳಿದರೆ ಗಾಳಿ ಹೋಗುವ ಜಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಂಜಿನ್ ಏದುಸಿರು ಬಿಡುತ್ತದೆ, ಹೊಗೆ ಕಪ್ಪಾಗುತ್ತದೆ.

ಎರಡನೆಯದು ಅಳತೆ. ಕಾಗದದ ಮಾದರಿಯನ್ನು ಮಡ್‌ಗಾರ್ಡಿಗೆ ಅಂಟಿಸಿ, ಕೊಳವೆಯನ್ನು ಬರಿದೆ ಒರಗಿಸಿ, ಬಾನೆಟ್ ಮತ್ತು ಬಾಗಿಲು ತೆರೆದು ಮುಚ್ಚಿ ನೋಡಬೇಕು. ಮಡ್‌ಗಾರ್ಡಿನ ಹಿಂದೆ ವೈರು, ಪೈಪು ಏನಿದೆ ಎಂದು ಕೈಯಾಡಿಸಿ ತಿಳಿಯಬೇಕು. ಕೆಲವು ಹೊಸ ಗಾಡಿಗಳಲ್ಲಿ ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಏರ್‌ಬ್ಯಾಗು ಅಥವಾ ಅದರ ವೈರು ಇರುತ್ತದೆ. ಅಲ್ಲಿ ಕಣ್ಣುಮುಚ್ಚಿ ಡ್ರಿಲ್ ಇಟ್ಟರೆ ಅಪಾಯ ನಿಮ್ಮ ತಲೆಯ ಪಕ್ಕದಲ್ಲೇ. ಬ್ಯಾಟರಿಯ ವೈರು ಬಿಚ್ಚಿಡುವುದನ್ನು ಮರೆಯಬಾರದು.

ಮೂರನೆಯದು ತೂತು. ಮೊದಲು ಸಣ್ಣ ಬಿಟ್, ಆಮೇಲೆ ಹೋಲ್ ಸಾ. ಲೋಹದ ಪುಡಿ ಗಾಳಿದಾರಿಗೆ ಬೀಳದಂತೆ ಅಲ್ಲಿ ಬಟ್ಟೆ ತುರುಕಿರಬೇಕು. ಒಂದು ಚೂರು ಸಿಲಿಂಡರಿಗೆ ಹೋದರೂ ಗೋಡೆಗೆ ಗೀರು ಬೀಳುತ್ತದೆ. ಕೊರೆದ ಅಂಚನ್ನು ಅರದಿಂದ ಉಜ್ಜಿ, ಪ್ರೈಮರ್ ಬಳಿದು, ಬಣ್ಣ ಹಚ್ಚಬೇಕು. ಬರಿಯ ಉಕ್ಕಿನ ಅಂಚಿಗೆ ಮೊದಲ ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತದೆ. ಇದೇ ಕಾರಣಕ್ಕೆ ಸಿಲಿಕೋನ್ ಆರಿಸುವಾಗಲೂ ಎಚ್ಚರ ಬೇಕು. ವಿನಿಗರ್ ವಾಸನೆಯ ಅಗ್ಗದ ಸಿಲಿಕೋನ್ ಒಣಗುವಾಗ ಬಿಡುವ ಆಮ್ಲ ಉಕ್ಕನ್ನು ತಿನ್ನುತ್ತದೆ, ‘ನ್ಯೂಟ್ರಲ್’ ಎಂದು ಬರೆದದ್ದನ್ನು ಕೇಳಿ ತರಬೇಕು.

ಕೊನೆಯದು ಜೋಡಣೆ. ಕೊಳವೆಯನ್ನು ಮಡ್‌ಗಾರ್ಡಿಗೆ ನಟ್‌ಗಳಿಂದ, ಕಂಬಕ್ಕೆ ಬ್ರಾಕೆಟ್ಟಿನಿಂದ ಬಿಗಿದು, ಒಳತುದಿಯನ್ನು ದಪ್ಪ ರಬ್ಬರ್ ಹೋಸ್ ಮತ್ತು ಕ್ಲಿಪ್‌ಗಳಿಂದ ಫಿಲ್ಟರ್ ಡಬ್ಬಿಗೆ ಸೇರಿಸಬೇಕು. ನೋಡುವವರ ಕಣ್ಣಿಗೆ ಕೆಲಸ ಇಲ್ಲಿಗೆ ಮುಗಿದಂತೆ. ನೀರಿನ ಲೆಕ್ಕದಲ್ಲಿ ಅದು ಶುರುವಾಗುವುದೇ ಇಲ್ಲಿ.

ಎತ್ತರ ಎಷ್ಟು? ಕೆಳಗಿನ ತೂತಿನಷ್ಟು

ಎಳನೀರು ಕುಡಿಯುವ ಸ್ಟ್ರಾದ ನಡುವೆ ಒಂದು ಸೀಳು ಬಿದ್ದರೆ ಏನಾಗುತ್ತದೆ? ಎಷ್ಟು ಎಳೆದರೂ ಬಾಯಿಗೆ ಬರುವುದು ಬರೀ ಗಾಳಿ, ಏಕೆಂದರೆ ಹೀರುವಿಕೆಗೆ ಸ್ಟ್ರಾದ ತುದಿ ಬೇಕಿಲ್ಲ, ಹತ್ತಿರದ ತೂತು ಸಾಕು. ಸ್ನಾರ್ಕೆಲ್ಲಿನಲ್ಲಿ ಇದೇ ತಿರುಗುಮುರುಗು. ಕೊಳವೆಯ ತಲೆ ಚಾವಣಿಯ ಮೇಲಿದ್ದರೂ ಬಾನೆಟ್ ಒಳಗಿನ ಒಂದು ಕ್ಲಿಪ್ ಸಡಿಲವಿದ್ದು, ಆ ಜಾಗ ನೀರಿನಲ್ಲಿ ಮುಳುಗಿದರೆ, ಎಂಜಿನ್ ಮೇಲಿನಿಂದ ಗಾಳಿಯನ್ನೂ ಕೆಳಗಿನಿಂದ ನೀರನ್ನೂ ಒಟ್ಟಿಗೆ ಎಳೆಯುತ್ತದೆ. ಎರಡು ಚಮಚದ ಲೆಕ್ಕ ನೆನಪಿದೆಯಲ್ಲ? ಅಷ್ಟು ಬರಲು ದೊಡ್ಡ ತೂತು ಬೇಕಿಲ್ಲ.

ಹಾಗಾಗಿ ಸ್ನಾರ್ಕೆಲ್ಲಿನ ನಿಜವಾದ ಎತ್ತರ ಅದರ ತಲೆಯ ಎತ್ತರವಲ್ಲ. ಗಾಳಿದಾರಿಯಲ್ಲಿ ಅತಿ ಕೆಳಗಿರುವ ತೂತಿನ ಎತ್ತರವೇ ಸ್ನಾರ್ಕೆಲ್ಲಿನ ಎತ್ತರ. ಈ ಅಧ್ಯಾಯದಿಂದ ಒಂದೇ ವಾಕ್ಯ ಒಯ್ಯುವುದಾದರೆ ಇದನ್ನು ಒಯ್ಯಿರಿ.

ಅತಿ ಕೆಳಗಿನ ತೂತು ಹೆಚ್ಚಾಗಿ ಕಂಪನಿಯೇ ಇಟ್ಟದ್ದು. ಮಳೆ ನೀರು ಬಸಿದು ಹೋಗಲೆಂದು ಅನೇಕ ಫಿಲ್ಟರ್ ಡಬ್ಬಿಗಳ ತಳದಲ್ಲಿ ಸಣ್ಣ ಕಿಂಡಿ ಇರುತ್ತದೆ. ಕೊಳವೆ ಹಾಕಿಯೂ ಆ ಕಿಂಡಿ ಹಾಗೇ ಬಿಟ್ಟರೆ ದುಡ್ಡು, ಶ್ರಮ ಎರಡೂ ದಂಡ. ಪೂರ್ತಿ ಮುಚ್ಚಿದರೆ ಒಳಗೆ ಸೇರಿದ ಮಳೆ ನೀರಿಗೆ ದಾರಿಯಿಲ್ಲ. ನೀರನ್ನು ಹೊರಗೆ ಮಾತ್ರ ಬಿಡುವ, ಒಳಗೆ ಬಿಡದ ಒಂದು ಪುಟ್ಟ ರಬ್ಬರ್ ಕವಾಟ ಅಲ್ಲಿಗೆ ತಕ್ಕ ಉಪಾಯ. ಮುಂದಿನ ಅನುಮಾನ ಡಬ್ಬಿಯ ಎರಡು ಹೋಳು ಕೂಡುವ ಅಂಚು, ಹಳೆಯ ಗಾಳಿಬಾಯಿ ಮುಚ್ಚಿದ ಜಾಗ, ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ಸುಕ್ಕುಸುಕ್ಕಾದ ಪೈಪು.

ಪರೀಕ್ಷೆಗೆ ಪಂಕ್ಚರ್ ಅಂಗಡಿಯ ವಿದ್ಯೆ ಸಾಕು. ಎಂಜಿನ್ ಆರಿಸಿ, ಡಬ್ಬಿಯಿಂದ ಎಂಜಿನ್ ಕಡೆ ಹೋಗುವ ಬಾಯಿಯನ್ನು ಮುಚ್ಚಿ, ಕೊಳವೆಯ ತಲೆಯಿಂದ ಮನೆಯ ಬ್ಲೋವರ್‌ನಲ್ಲಿ ಮೆಲ್ಲಗೆ ಗಾಳಿ ಊದಿಸಿ, ಪ್ರತಿ ಜೋಡಣೆಗೂ ಸಾಬೂನಿನ ನೊರೆ ಹಚ್ಚಿ. ಗುಳ್ಳೆ ಎದ್ದಲ್ಲಿ ಕಳ್ಳ ಸಿಕ್ಕಂತೆ. ಮುಚ್ಚಿದ್ದನ್ನು ತೆಗೆದು ಎಲ್ಲ ಜೋಡಿಸಿದ ಮೇಲೆ ಎರಡನೇ ಪರೀಕ್ಷೆ. ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು, ರಬ್ಬರ್ ಹಾಳೆ ಅಂಟಿಸಿದ ಹಲಗೆಯಿಂದ ಕೊಳವೆಯ ಬಾಯಿ ಮುಚ್ಚಿ. ಉಸಿರುಗಟ್ಟಿ ಎಂಜಿನ್ ಕೆಲವೇ ಕ್ಷಣದಲ್ಲಿ ಆರಿದರೆ ಕೆಲಸ ಗಟ್ಟಿ. ಆರಾಮಾಗಿ ಓಡುತ್ತಲೇ ಇದ್ದರೆ ಅದು ಬೇರೆಲ್ಲಿಂದಲೋ ಉಸಿರಾಡುತ್ತಿದೆ. ಇವತ್ತು ಗಾಳಿ ಬಂದ ಆ ಸಂದಿನಿಂದ ನಾಳೆ ನೀರು ಬರುತ್ತದೆ.

ಮಳೆಯೂ ದೂಳೂ

ಕೊಳವೆಯ ಬಾಯಿ ಮುಂದಕ್ಕೆ ತೆರೆದಿದ್ದರೆ ಮಳೆ ಒಳಗೆ ಹೋಗದೇ? ಸ್ವಲ್ಪ ಹೋಗುತ್ತದೆ. ಆದರೆ ತಲೆಯ ಒಳಗೆ ಗಾಳಿ ಚಕ್ಕನೆ ಕೆಳಗೆ ತಿರುಗುತ್ತದೆ. ಹಗುರವಾದ ಗಾಳಿ ತಿರುವು ತೆಗೆದುಕೊಳ್ಳುತ್ತದೆ, ಭಾರವಾದ ಹನಿ ತೆಗೆದುಕೊಳ್ಳಲಾರದೆ ಎದುರು ಗೋಡೆಗೆ ಬಡಿದು, ಹಿಂದಿನ ಸಣ್ಣ ಸೀಳುಗಳಿಂದ ಹೊರಗೆ ಸೋರುತ್ತದೆ. ಟ್ರ್ಯಾಕ್ಟರಿನ ಬಟ್ಟಲಿನಲ್ಲಿ ದೂಳು ಬೇರೆಯಾಗುವುದರ ಹಿಂದೆಯೂ ಇದೇ ನಿಯಮ.

ಮುಂದಕ್ಕೆ ತೆರೆದ ಬಾಯಿಗೆ ಗಾಳಿ ನುಗ್ಗಿ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ ಎಂಬ ಮಾತು ಮಾತ್ರ ನಂಬುವಂಥದ್ದಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋದರೂ ಎದುರುಗಾಳಿಯಿಂದ ಹೆಚ್ಚುವ ಒತ್ತಡ ನೂರಕ್ಕೆ ಅರ್ಧ ಪಾಲಿನಷ್ಟೂ ಇಲ್ಲ. ನಿಜವಾದ ಲಾಭ ದೂಳಿನದು. ಬೇಸಿಗೆಯಲ್ಲಿ ಎರೆ ಸೀಮೆಯ ಕಚ್ಚಾ ರಸ್ತೆಯಲ್ಲಿ ಇನ್ನೊಂದು ಗಾಡಿಯ ಹಿಂದೆ ಹೋಗುವ ಜೀಪಿಗೆ ಚಾವಣಿಯ ಎತ್ತರದ ಗಾಳಿ ಹೆಚ್ಚು ಶುದ್ಧ. ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ಹಳ್ಳ ವರ್ಷದಲ್ಲಿ ಕೆಲವು ದಿನ, ದೂಳು ತಿಂಗಳುಗಟ್ಟಲೆ.

ಗಾಡಿಗೆ ಒಂದೇ ಮೂಗಲ್ಲ

ಗೇರ್ ಬಾಕ್ಸ್, ಮುಂದಿನ ಹಿಂದಿನ ಆಕ್ಸಲ್ ಎಲ್ಲದಕ್ಕೂ ಬ್ರೀದರ್ ಎಂಬ ಪುಟ್ಟ ಉಸಿರುಗಂಡಿ ಇರುತ್ತದೆ. ಓಡಿ ಬಂದು ಬಿಸಿಯಾದ ಆಕ್ಸಲ್ ತಣ್ಣನೆಯ ನೀರಿಗಿಳಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗುತ್ತದೆ. ಆ ಕೊರತೆ ತುಂಬಲು ಅದು ಹೊರಗಿನದನ್ನು ಎಳೆಯುತ್ತದೆ, ಹೊರಗಿರುವುದು ನೀರು. ಕೆಲ ದಿನಗಳ ಬಳಿಕ ಆಯಿಲ್ ಬಿಳಿಚಿ ನೊರೆಯಾಗಿರುತ್ತದೆ, ಬೇರಿಂಗ್ ಸದ್ದು ಮಾಡುತ್ತದೆ. ಈ ಗಂಡಿಗಳಿಗೆ ತೆಳು ಪೈಪು ಸೇರಿಸಿ ಬಾನೆಟ್ ಎತ್ತರಕ್ಕೆ ಒಯ್ಯುವುದು ಸ್ನಾರ್ಕೆಲ್ಲಿಗಿಂತ ಅಗ್ಗದ, ಅಷ್ಟೇ ಮುಖ್ಯವಾದ ಕೆಲಸ. ಇನ್ನು ರೇಡಿಯೇಟರ್ ಫ್ಯಾನ್ ನೀರಿಗೆ ಬಡಿದು ಅದರ ಎಲೆಗಳು ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊರೆಯಬಹುದು. ಆಲ್ಟರ್ನೇಟರ್, ಸೆನ್ಸರ್, ಎಂಜಿನ್ ಕಂಪ್ಯೂಟರುಗಳಿಗೆ ಸ್ನಾರ್ಕೆಲ್ ಯಾವ ರಕ್ಷಣೆಯನ್ನೂ ಕೊಡದು.

ಎರಡು ಇಂಚಿನ ಪಾಠ

ಈಗ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಡೋಣ. 2020ರಲ್ಲಿ ಬಂದ ಮಹೀಂದ್ರ ಥಾರ್‌ಗೆ ಸ್ನಾರ್ಕೆಲ್ ಇಲ್ಲ, ಕಂಪನಿ ಹೇಳುವ ನೀರಿನ ಮಿತಿ 650 ಮಿಲಿಮೀಟರ್. 2021ರ ಫೋರ್ಸ್ ಗೂರ್ಖಾಕ್ಕೆ ಕಾರ್ಖಾನೆಯಿಂದಲೇ ಚಾವಣಿ ಎತ್ತರದ ಸ್ನಾರ್ಕೆಲ್ ಬರುತ್ತದೆ, ಅದರ ಮಿತಿ 700 ಮಿಲಿಮೀಟರ್. ವ್ಯತ್ಯಾಸ ಬರೀ ಎರಡು ಇಂಚು! ಮೂಗು ಅಷ್ಟು ಎತ್ತರದಲ್ಲಿದ್ದರೂ ತಯಾರಕರು ಸೊಂಟಕ್ಕಿಂತ ಕೆಳಗೇ ಗೆರೆ ಎಳೆದಿದ್ದಾರೆ. ಸ್ನಾರ್ಕೆಲ್ ಆಳವನ್ನು ಹೆಚ್ಚಿಸುವ ಸಾಧನವಲ್ಲ. ಮಿತಿಯೊಳಗೆ ಹೋಗುವಾಗ ಅಲೆಯೊಂದು ಬಾನೆಟ್ ಮೇಲೆ ಹಾಯ್ದರೆ, ಕಾಣದ ತಗ್ಗಿಗೆ ಮುಂಗಾಲಿ ಇಳಿದರೆ, ಎಂಜಿನ್ನನ್ನು ಉಳಿಸುವ ಜಾಮೀನು.

ಉಳಿದ ಕಾರಣ ಆರ್ಕಿಮಿಡೀಸನ ನಿಯಮದಲ್ಲಿದೆ. ಜೀಪಿನ ತಳ ಸುಮಾರು ಐದು ಚದರ ಮೀಟರ್ ಇದೆ ಎಂದುಕೊಳ್ಳಿ. ನೀರು ತಳ ಮುಟ್ಟಿದ ಮೇಲೆ ಏರುವ ಪ್ರತಿ ಹತ್ತು ಸೆಂಟಿಮೀಟರಿಗೆ ಸುಮಾರು 500 ಕಿಲೋ ತೂಕವನ್ನು ನೀರೇ ಹೊರುತ್ತದೆ. ಒಳಗೆ ನೀರು ತುಂಬುವ ತನಕ ಒಂದೂಮುಕ್ಕಾಲು ಟನ್ನಿನ ಗಾಡಿ ಗಾಲಿಯ ಮೇಲೆ ನಿಂತಿರುವುದು ಹೆಸರಿಗೆ ಮಾತ್ರ. ಹಿಡಿತ ತಪ್ಪಿದ ಅದನ್ನು ಹರಿವು ಅಡ್ಡಕ್ಕೆ ತಳ್ಳುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಆ ತಳ್ಳು ನಾಲ್ಕು ಪಟ್ಟು. ಎರಡು ಅಡಿ ರಭಸದ ನೀರು ದೊಡ್ಡ ಎಸ್‌ಯುವಿ, ಪಿಕಪ್‌ಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು ಎಂದು ಅಮೆರಿಕದ ಹವಾಮಾನ ಸೇವೆ ಎಚ್ಚರಿಸುತ್ತದೆ. ಎರಡು ಅಡಿ ಎಂದರೆ 610 ಮಿಲಿಮೀಟರ್, ಥಾರ್‌ನ ಮಿತಿಗಿಂತಲೂ ಕಡಿಮೆ. ಕಂಪನಿಯ ಮಿತಿ ನಿಂತ ನೀರಿಗೆ, ಬೆಣ್ಣಿಹಳ್ಳಕ್ಕಲ್ಲ.

ಟ್ರ್ಯಾಕ್ಟರ್ ದಾಟುವುದರ ಉಳಿದರ್ಧ ಗುಟ್ಟು ಇಲ್ಲಿದೆ. ಅದಕ್ಕೆ ತೇಲಲು ಡಬ್ಬಿಯಂಥ ಒಡಲಿಲ್ಲ, ನೀರು ನಡುವಿನಿಂದಲೇ ಹಾಯ್ದು ಹೋಗುತ್ತದೆ. ಹೊಲದ ಹಿಡಿತಕ್ಕೆಂದು ಅನೇಕ ರೈತರು ಹಿಂದಿನ ದೊಡ್ಡ ಟಯರುಗಳಲ್ಲಿ ನೀರು ತುಂಬಿಸಿರುತ್ತಾರೆ, ಆ ಭಾರವೂ ನೆಲಕ್ಕೆ ಕಚ್ಚುತ್ತದೆ. ಹಾಗೆಂದು ಅದಕ್ಕೂ ಅಭಯವಿಲ್ಲ. ಹಿಂದೆ ಟ್ರಾಲಿ ಕಟ್ಟಿದರೆ ಆ ಟ್ರಾಲಿಯೇ ತೇಲುವ ಡಬ್ಬಿಯಾಗಿ ಟ್ರ್ಯಾಕ್ಟರನ್ನೂ ಎಳೆದುಕೊಂಡು ಹೋಗುತ್ತದೆ.

ಹಾಗಾದರೆ ಹಾಕಿಸಬೇಕೋ ಬೇಡವೋ?

ಕಾನೂನನ್ನು ಮೊದಲು ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಕಾನೂನು ಒಪ್ಪದ ಪ್ರತಿ ಮಾರ್ಪಾಟಿಗೆ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು. ಮಡ್‌ಗಾರ್ಡಿಗೆ ತೂತು ಕೊರೆದ ಮೇಲೆ ಗ್ಯಾರಂಟಿಯ ಮಾತೂ ಎಳೆದಾಟಕ್ಕೆ ಬೀಳಬಹುದು. ಕೆಎ 25 ಇರಲಿ, ಕೆಎ 63 ಇರಲಿ, ಡ್ರಿಲ್ ಕೈಗೆತ್ತಿಕೊಳ್ಳುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳುವುದು ಒಳ್ಳೆಯದು.

ಕಳಘಟಗಿ, ಅಳ್ನಾವರ, ದಾಂಡೇಲಿಯ ಕಾಡುದಾರಿಯಲ್ಲಿ ಓಡಾಡುವವರಿಗೆ, ಎರೆ ಸೀಮೆಯ ದೂಳಿನಲ್ಲಿ ದಿನಾ ಗಾಡಿ ಓಡಿಸುವವರಿಗೆ, ಗಟ್ಟಿಯಾಗಿ ಕೂರಿಸಿದ ಸ್ನಾರ್ಕೆಲ್ ಉಪಯೋಗಕ್ಕೆ ಬರುತ್ತದೆ. ಊರೊಳಗೆ ಓಡುವ ಗಾಡಿಗೆ ಅದು ಬರೀ ಒಡವೆ. ಸೋರುವ ಸ್ನಾರ್ಕೆಲ್ ಮಾತ್ರ ಇಲ್ಲದ್ದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಸುಳ್ಳು ಧೈರ್ಯ ಕೊಟ್ಟು ನೀರಿಗಿಳಿಸುತ್ತದೆ.

ನಿಂತ ನೀರಾದರೆ ಮೊದಲು ಕೋಲು ಹಿಡಿದು ನಡೆದು ಆಳ ನೋಡಿ, ಆಮೇಲೆ ನಡಿಗೆಯ ವೇಗದಲ್ಲಿ ಒಂದೇ ಗೇರಿನಲ್ಲಿ ದಾಟಿ. ಹರಿಯುವ ನೀರು ರಸ್ತೆಯನ್ನೇ ಮುಚ್ಚಿದ್ದರೆ ನಡೆಯಲೂ ಬೇಡಿ, ಗಾಡಿ ಇಳಿಸಲೂ ಬೇಡಿ. ಮಳೆ ನಿಂತ ಮೇಲೆ ಹಳ್ಳ ಇಳಿದೇ ಇಳಿಯುತ್ತದೆ. ಅಷ್ಟು ಹೊತ್ತು ಕಾಯಿರಿ.